ಕ್ರ್ಯಾಂಕ್ ಪುಲ್ಲಿಯ ಮೇಲಿನ ಗೆರೆ

ನನ್ನ ಕಿವಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ. ಮೂರು ಬೀದಿ ಆಚೆ ಎಂಜಿನ್ ಕೆಮ್ಮಿದರೆ ಇಲ್ಲಿ ನನಗೆ ನೆಗಡಿಯಾಗುತ್ತದೆ. ನಾನು ವಾಸಿಮಾಡಿದ ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ಅವುಗಳ ಮೇಲೆ ನಡೆದೇ ಸಮುದ್ರ ದಾಟಬಹುದು. ಇಂಥ ನನ್ನ ಗ್ಯಾರೇಜಿಗೆ ಸ್ವಂತ ಅಣ್ಣನ ಕಾರು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ನನ್ನ ಬಾಗಿಲ ಮುಂದೆಯೇ ಹಾದು ತಿರುವಿನಾಚೆಯ ಗ್ಯಾರೇಜಿಗೆ ಹೋಗುತ್ತಿತ್ತು. ಅಲ್ಲಿನ ಮೆಕ್ಯಾನಿಕ್ ಗುಮ್ಮನಗುಸುಕ, ಕರೆಯುವುದೇ ಗುಮ್ಮ ಎಂದು. ಅವನು ಹೂಂ ಅಂದರೆ ಅಣ್ಣನಿಗೆ ವೇದವಾಕ್ಯ. ನನ್ನ ಮಾತಿನಲ್ಲಿ ಹತ್ತಕ್ಕೆ ಒಂಬತ್ತು ಗಾಳಿ, ಉಳಿದ ಒಂದು ಪಂಕ್ಚರ್ ಎಂದು ನೆಂಟರ ಮುಂದೆಲ್ಲ ನಗುತ್ತಿದ್ದ.

ಅವತ್ತು ಗುಮ್ಮನ ಗ್ಯಾರೇಜು ಮಧ್ಯಾಹ್ನದವರೆಗೆ ಮುಚ್ಚಿತ್ತು. ಅಣ್ಣ ಅತ್ತಿಗೆ ಬೆಟ್ಟದ ದಾರಿಯಲ್ಲಿ ದೂರ ಹೊರಟಿದ್ದರು. ಗತಿಯಿಲ್ಲದೆ ನನ್ನಲ್ಲಿಗೆ ಬಂದ ಅಣ್ಣ, ಆಯಿಲ್ ಬದಲಿಸು, ಮಿಕ್ಕಿದ್ದು ಮುಟ್ಟಬೇಡ ಅಂದ. ಇದೊಂದು ಸಲ ಗೆದ್ದರೆ ಅಣ್ಣ ಇನ್ನು ಸಾಯುವ ತನಕ ನನ್ನ ಗಿರಾಕಿ ಎಂದುಕೊಂಡು ಬಾನೆಟ್ ಎತ್ತಿದೆ.

ಎಂಜಿನ್ ಓಡುತ್ತಿದ್ದಂತೆ ಬೆಲ್ಟ್ ತಿರುಗಿಸುವ ಕೆಳಗಿನ ಗಾಲಿ, ಕ್ರ್ಯಾಂಕ್ ಪುಲ್ಲಿ, ಕುಡಿದವನ ಹಾಗೆ ತೂರಾಡುತ್ತಿತ್ತು. ಈ ಪುಲ್ಲಿಗೆ ನಡುವೆ ಬಂಡಿಗಾಲಿಗಿರುವಂಥ ಗುಂಬ, ಹೊರಗೆ ಉಂಗುರ, ಎರಡನ್ನೂ ಹಿಡಿದಿಡುವುದು ಮಧ್ಯದ ರಬ್ಬರ್. ಆ ರಬ್ಬರ್ ನಾಯಿ ಅಗಿದ ಚಪ್ಪಲಿಯಂತಾಗಿತ್ತು. ಉಂಗುರ ಕಳಚಿದರೆ ಬೆಲ್ಟ್ ಹೋಗುತ್ತದೆ, ಬೆಲ್ಟ್ ಹೋದರೆ ಸ್ಟೀರಿಂಗ್ ಕಲ್ಲಾಗುತ್ತದೆ, ಅದೂ ಬೆಟ್ಟದ ತಿರುವಿನಲ್ಲಿ. ಹುಟ್ಟಿದ ಮೇಲೆ ಮೊದಲ ಸಲ ಉಪ್ಪುಖಾರ ಹಚ್ಚದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಣ್ಣ ಕಾರಿನೊಳಗಿದ್ದ ಅತ್ತಿಗೆಯ ಕಡೆ ತಿರುಗಿದ. "ನೋಡಿದ್ಯಾ, ಶುರು ಹಚ್ಕೊಂಡ."

ಎಂಜಿನ್ ಆರಿಸಿ, ಗುಂಬದಿಂದ ಉಂಗುರದ ಅಂಚಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದೆ. ಮತ್ತೆ ಜೋರಾಗಿ ಓಡಿಸಿ ನಿಲ್ಲಿಸಿದೆ. ಗೆರೆಯ ಒಳತುಂಡು ಒಂದು ಕಡೆ, ಹೊರತುಂಡು ಎರಡು ಬೆರಳು ಆಚೆ. ರಬ್ಬರ್ ಜಾರಿದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ದೇವರೂ ಕೊಡಲಾರ.

"ನೀನೇ ಎರಡು ಸಲ ಗೀಚಿದ್ದೀಯ," ಅಂದ ಅಣ್ಣ.

ಅತ್ತಿಗೆ ಇಳಿದು ಬಂದರು. ಗುರುತು ಒರೆಸಿ, ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ತಾವೇ ಗೆರೆ ಎಳೆದರು. ನಾನು ಕೈಕಟ್ಟಿ ದೂರ ನಿಂತೆ. ಅಣ್ಣನೇ ಓಡಿಸಿ ಆರಿಸಿದ. ಅತ್ತಿಗೆ ಬಗ್ಗಿ ನೋಡಿದರು.

"ಗೆರೆ ಎರಡಾಗಿದೆ ರೀ. ಇವನು ಹೇಳಿದ್ದು ನಿಜ."

ನನ್ನ ತಲೆ ತಗಡಿನ ಛಾವಣಿಗೆ ಬಡಿಯುವಷ್ಟು ಬೆಳೆದುಬಿಟ್ಟೆ. ಹೊಸ ಪುಲ್ಲಿ ನನ್ನಲ್ಲೇ ಇದೆ, ನೀನು ಕಣ್ಣು ಮಿಟುಕಿಸುವುದರೊಳಗೆ ಹಾಕಿಬಿಡುತ್ತೇನೆ ಎಂದೆ.

ಅಣ್ಣ ಬಾನೆಟ್ ಇಳಿಸಿದ. "ಓಡಿಸೋದು ಬೇಡ," ಅಂದ. "ಗುಮ್ಮ ಇಷ್ಟೊತ್ತಿಗೆ ಬಾಗಿಲು ತೆಗೆದಿರ್ತಾನೆ. ಎಳ್ಕೊಂಡು ಹೋಗೋಣ. ಹಗ್ಗ ಇದೆಯಾ?"

ಇತ್ತು. ಹಗ್ಗವೂ ನನ್ನದು, ಎಳೆದ ಜೀಪೂ ನನ್ನದು. ಆ ಒಂದು ತಿರುವು ದಾಟಲು ನನಗೆ ಒಂದು ಯುಗ ಹಿಡಿಯಿತು. ಬೀದಿಯ ಅಂಗಡಿಯವರೆಲ್ಲ ತಕ್ಕಡಿ ಕೆಳಗಿಟ್ಟು ನೋಡಿದರು.

ಗುಮ್ಮ ಒಮ್ಮೆ ಬಗ್ಗಿ ನೋಡಿದ. "ಪುಲ್ಲಿ ಹೋಗಿದೆ," ಅಂದ.

"ಹೌದಾ? ಒಳ್ಳೇದಾಯ್ತು, ನೀವು ನೋಡಿ ಹೇಳಿದ್ರಿ," ಅಂದ ಅಣ್ಣ. "ಬೆಟ್ಟದಲ್ಲಿ ಕೈಕೊಟ್ಟಿದ್ರೆ ನಮ್ಮ ಗತಿ ಏನು."

ಅತ್ತಿಗೆ ನನ್ನ ಕಡೆ ನೋಡಿ, ತಕ್ಷಣ ಮುಖ ತಿರುಗಿಸಿದರು. ನಾನು ಹಗ್ಗ ಬಿಚ್ಚಲು ಕೂತೆ. ನಾನು ಬಿಗಿದ ಗಂಟು ಆನೆ ಎಳೆದರೂ ಸಡಿಲವಾಗುವುದಿಲ್ಲ. ಅದು ಬಿಚ್ಚಿಕೊಳ್ಳುವ ತನಕ ಅಣ್ಣನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತೇ ಇರಬೇಕಾಯಿತು. ಅವನೂ ಗುಮ್ಮನೂ ನನ್ನ ತಲೆಯ ಮೇಲೆಯೇ ಮಾತಾಡಿಕೊಳ್ಳುತ್ತಿದ್ದರು.