ಎಲ್ಲಿಗೆ ಬಂದಿ?

ಬಂಡೆಮ್ಮ ಭಾವನ ಕೈಯಿಂದ ಫೋನು ಕಸಿದುಕೊಂಡಳು.

ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ಒಮ್ಮೆಗೇ ಅತ್ತ ತಿರುಗಿದರು. ಮದುವೆಯಾಗಿ ಬಂದಂದಿನಿಂದ ಭಾವನ ಎದುರಿಗೆ ತಲೆಯ ಸೆರಗು ಸರಿಯದಂತೆ ನಡೆದವಳು, ಅವನು ಕಟ್ಟೆಯ ಮೇಲೆ ಕೂತಿದ್ದರೆ ಹಿತ್ತಲ ಬಾಗಿಲಿನಿಂದ ಹೋಗಿಬರುತ್ತಿದ್ದವಳು, ಈಗ ಬಿಚ್ಚಿದ ತಲೆಯಲ್ಲಿ ಅವನ ಮುಂದೆ ನಿಂತಿದ್ದಳು. ಮೌನಪ್ಪನ ಖಾಲಿ ಕೈ ಇನ್ನೂ ಕಿವಿಯ ಹತ್ತಿರವೇ ಇತ್ತು.

“ಯಾರಿಗೆ ಹಚ್ಚಾಕತ್ತಿದ್ರಿ?”

“ದುರುಗೇಶಗ. ಎಲ್ಲಿಗೆ ಬಂದಾನ ಅಂತ ಕೇಳಬ್ಯಾಡೇನು? ಕುಣಿ ತೋಡಿ ಆಗ್ಯಾದ. ಹೊತ್ತು ಮುಳುಗೋದ್ರೊಳಗ ಮಣ್ಣು ಮಾಡಬೇಕು.”

“ಅವ ಬೈಕ್ ಮ್ಯಾಲ ಅದಾನ.”

“ಇದ್ರ ಏನಾತು? ಎತ್ತಿ ಎರಡು ಮಾತು...”

ಅಷ್ಟಕ್ಕೇ ಮೌನಪ್ಪನ ಮಾತು ನಿಂತಿತು. ಅವರಿಬ್ಬರ ನಡುವೆ, ಬೇವಿನ ಮರದ ಕೆಳಗೆ, ಹೊರಸಿನ ಮೇಲೆ ಅವನ ತಮ್ಮ ಪರಮಣ್ಣನ ಹೆಣವಿತ್ತು. ಮಾನ್ವಿಯ ಆಸ್ಪತ್ರೆಯಲ್ಲಿ ಸುತ್ತಿಕೊಟ್ಟ ಬಿಳಿ ಬಟ್ಟೆಯ ಮೇಲೆ ಮನೆಯ ಕರಿ ಕಂಬಳಿ ಹೊದಿಸಿದ್ದರು.

ಹಿಂದಿನ ದಿನ ಸಂಜೆ ಪರಮಣ್ಣ ಮಾನ್ವಿಯಲ್ಲಿ ಕುರಿ ಇಳಿಸಿ, ಖಾಲಿ ಗೂಡ್ಸ್ ಗಾಡಿಯಲ್ಲಿ ಊರಿಗೆ ಹೊರಟಿದ್ದ. ಸಿರವಾರ ಇನ್ನೂ ಬಂದಿರಲಿಲ್ಲ. ರಸ್ತೆಯ ಪಕ್ಕ ನಿಂತಿದ್ದ ಹತ್ತಿಯ ಟ್ರ್ಯಾಕ್ಟರಿಗೆ ಹಿಂದಿನಿಂದ ಹೋಗಿ ಗುದ್ದಿದ. ಗುದ್ದುವಾಗ ಫೋನು ಕಿವಿ ಮತ್ತು ಭುಜದ ನಡುವೆ ಇತ್ತು. ಆ ಕಡೆಯಿಂದ ಮಾತಾಡುತ್ತಿದ್ದವನು ಮೌನಪ್ಪ. ಮಾನ್ವಿಯಲ್ಲಿ ಕುರಿ ದಲ್ಲಾಳಿ ಮಾಡುವ ಅಣ್ಣ, ಕುರಿ ಸಾಗಿಸುವ ತಮ್ಮ. ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದರು.

ಇದನ್ನು ಯಾರೂ ಪತ್ತೆ ಹಚ್ಚಬೇಕಾಗಿರಲಿಲ್ಲ. ಬೆಳಗಿನಿಂದ ಬಂದವರಿಗೆಲ್ಲ ಮೌನಪ್ಪನೇ ಹೇಳುತ್ತಿದ್ದ. “ಎಲ್ಲಿಗೆ ಬಂದೆಪಾ ಅಂತ ಕೇಳಿದೆ, ಅಷ್ಟ. ಸಿರವಾರ ಬಂತು ಅಂದ. ಆಮ್ಯಾಲ ದಡ್ ಅಂತು.” ಇನ್ನೊಬ್ಬರು ಬಂದಾಗ, “ಇಲ್ಲೇ ಅದೀನಿ ಅಂದ, ಅಷ್ಟ.” ಮಧ್ಯಾಹ್ನದ ಹೊತ್ತಿಗೆ, “ಏನೂ ಅನ್ನಲಿಲ್ಲಪಾ, ನಾ ಕೇಳಿದೆ, ಅವ ಏನೂ ಅನ್ನಲಿಲ್ಲ.” ಪ್ರತಿ ಸಲ ಕೊನೆಗೆ, “ಕೇಳಿದ್ದು ತಪ್ಪೇನು?” ಅನ್ನುತ್ತಿದ್ದ.

ಬಂಡೆಮ್ಮ ಕಸಿದ ಫೋನನ್ನು ಉಡಿಯಲ್ಲಿ ಹಾಕಿಕೊಂಡು ಗಂಡನ ತಲೆಯ ಹತ್ತಿರ ಕೂತಳು.

“ಯಾರೂ ಹಚ್ಚಬ್ಯಾಡ್ರಿ ನನ್ನ ಮಗಗ,” ಎಂದಳು ಎಲ್ಲರಿಗೂ ಕೇಳುವಂತೆ. “ಅವ ಬಂದಾಗ ಬರ್ತಾನ.”

*

ಅವಳಿಗೆ ಕಾಯುವುದು ಹೊಸದಾಗಿರಲಿಲ್ಲ.

ಪರಮಣ್ಣ ಮೊದಲು ಕುರಿ ಕಾಯುತ್ತಿದ್ದ. ದೀಪಾವಳಿ ಮುಗಿದ ಮೇಲೆ ಹಿಂಡು ಹೊರಟರೆ ಚೀಕಲಪರ್ವಿಯ ಹೊಳೆ ದಂಡೆ, ಅಲ್ಲಿಂದ ಹೊಳೆ ದಾಟಿ ಆಂಧ್ರದ ಹೊಲಗಳು. ಆ ಕಡೆಯಿಂದ ಯಾರಾದರೂ ಬಂದರೆ ಸುದ್ದಿ, ಇಲ್ಲದಿದ್ದರೆ ಇಲ್ಲ. ದುರುಗೇಶ ಹುಟ್ಟಿದಾಗ ಸಂತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದ್ದರು. ಅವರು ಹೋಗುವಷ್ಟರಲ್ಲಿ ಹಿಂಡು ಬೇರೆ ಊರಿಗೆ ಹೋಗಿತ್ತು. ಪರಮಣ್ಣ ಮನೆಗೆ ಬಂದಾಗ ಮಗು ಬೋರಲು ಬೀಳುತ್ತಿತ್ತು. ಹೊಸ್ತಿಲಲ್ಲಿ ನಿಂತು, “ಇದು ಯಾರ ಕೂಸು?” ಎಂದು ಕೇಳಿದ. ತಮಾಷೆಗೆ ಕೇಳಿದ್ದೋ ನಿಜಕ್ಕೂ ಕೇಳಿದ್ದೋ ಬಂಡೆಮ್ಮನಿಗೆ ತಿಳಿಯಲಿಲ್ಲ. ಆಮೇಲೆ ಕೂಸನ್ನು ಕಂಬಳಿಯಲ್ಲಿ ಸುತ್ತಿ ಎದೆಗಪ್ಪಿಕೊಂಡು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಫೋನು ಬಂದಾಗ ಓಣಿಯಲ್ಲಿ ಎಲ್ಲರಿಗಿಂತ ಮೊದಲು ತಂದವನು ಅವನೇ. “ಇನ್ನ ನಾ ಎಲ್ಲೇ ಇದ್ರೂ ಇಲ್ಲೇ ಅದೀನಿ ತಿಳ್ಕೋ,” ಎಂದಿದ್ದ. ಆಮೇಲೆ ಕುರಿ ಮಾರಿ ಗಾಡಿ ಕೊಂಡ. ಫೋನಿನ ಮೇಲೆಯೇ ಬಾಡಿಗೆ ಬರುತ್ತಿತ್ತು. ಪರಮಣ್ಣ ಎತ್ತದೇ ಬಿಟ್ಟ ಫೋನಿಲ್ಲ ಎನ್ನುತ್ತಿದ್ದರು ಜನ, ಹೊಗಳಿಕೆಯಾಗಿ. ಬರಬರುತ್ತ ಊಟಕ್ಕೆ ಕೂತಾಗಲೂ ಅವನ ಕುತ್ತಿಗೆ ಬಲಕ್ಕೆ ವಾಲಿರುತ್ತಿತ್ತು.

*

“ಇದನ್ನ ಪೂರ್ತಿ ಬಂದ್ ಮಾಡಬೇಕ್ರಿ,” ಎಂದ ಕಟ್ಟೆಯ ಮೇಲಿನ ಮುದುಕನೊಬ್ಬ. “ಗಾಡಿ ಚಾಲೂ ಮಾಡಿದ ಕೂಡಲೇ ಫೋನ್ ಸತ್ತು ಬೀಳೋಹಂಗ ಮಾಡಬೇಕು ಸರ್ಕಾರದವ್ರು.”

“ಈಗಾಗಲೇ ಬಂದ್ ಅದ ಅಜ್ಜಾ, ಕಾಯ್ದೆ ಅದ,” ಎಂದಳು ಮಗಳು ಭಾಗ್ಯಜ್ಯೋತಿ. ಯರಗೇರಾದಲ್ಲಿ ಓದುತ್ತಿದ್ದವಳು ಬೆಳಗಿನ ಬಸ್ಸಿಗೇ ಬಂದಿದ್ದಳು. ಅತ್ತು ಅತ್ತು ದನಿ ಕಟ್ಟಿತ್ತು. “ಹಿಡಿದ್ರ ದಂಡ ಹಾಕ್ತಾರ.”

“ಹಾಕಿದ್ರಲ್ಲವಾ, ನಿಮ್ಮಪ್ಪಗೂ ಹಾಕಿದ್ರು,” ಎಂದ ಬುರ್ಹಾನುದ್ದೀನ್. ದೇವದುರ್ಗದಲ್ಲಿ ಅವನದು ಗ್ಯಾರೇಜು. ಪರಮಣ್ಣನ ಗಾಡಿಗೆ ಬೇರೆ ಯಾರೂ ಕೈ ಹಚ್ಚಿರಲಿಲ್ಲ. “ರಾಯಚೂರಾಗ ಹಿಡಿದ್ರು. ದಂಡ ಕಟ್ಟಿದ. ಮುಂದಿನ ಸರ್ಕಲ್ ದಾಟಿಲ್ಲ, ನನಗ ಫೋನ್ ಹಚ್ಚಿ, ‘ಬುರಾನ್, ದಂಡ ಹಾಕಿದ್ರಲೇ’ ಅಂದ. ಗಾಡಿ ನಡಸ್ಕೋತನ.”

ಯಾರೋ ನಕ್ಕರು. ನಕ್ಕಿದ್ದಕ್ಕೆ ತಾವೇ ತಲೆ ತಗ್ಗಿಸಿದರು.

“ಫೋನ್ ಬಂದ್ ಅಂದ್ರ ಧಂದಾ ಬಂದ್,” ಎಂದ ಮೌನಪ್ಪ. “ಒಂದು ಸಲ ಎತ್ತಲಿಲ್ಲ ಅಂದ್ರ ಬಾಡಿಗಿ ಇನ್ನೊಬ್ಬಗ ಹೋಗ್ತದ.”

“ಹೋಗ್ಲಿ,” ಎಂದಳು ಬಂಡೆಮ್ಮ.

ಅದೇ ಹೊತ್ತಿಗೆ ಅವಳ ಉಡಿಯಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಭಾಗ್ಯಜ್ಯೋತಿ ಬಗ್ಗಿ ನೋಡಿದಳು.

“ಯವ್ವಾ, ಅಣ್ಣ.”

ಅಂಗಳದವರೆಲ್ಲ ಎದ್ದು ನಿಂತರು. “ಎತ್ತು ಬೇ,” “ಎತ್ತಬ್ಯಾಡ,” “ಏನಾಗ್ಯಾದೋ ಏನೋ, ಎತ್ತು,” ಎಂದು ಎಲ್ಲ ದಿಕ್ಕಿನಿಂದ ದನಿಗಳು ಬಂದವು. ಬಂಡೆಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಮೊದಲು ಕೇಳಿದ್ದು ಗಾಳಿ. ಫೋನಿನೊಳಗೆ ಗಾಳಿ ಹೋ ಎನ್ನುತ್ತಿತ್ತು.

“ದೊಡ್ಡಪ್ಪಾ, ಗಬ್ಬೂರ ದಾಟೀನಿ. ಅಪ್ಪನ್ನ ಎತ್ತಬ್ಯಾಡ್ರಿ, ಬರಾಕತ್ತೀನಿ...”

“ಗಾಡಿ ನಿಂದ್ರಿಸೀಯೇನು?”

ಆ ಕಡೆ ಮಾತು ತಡೆಯಿತು. ಗಾಳಿ ತಡೆಯಲಿಲ್ಲ.

“ಯವ್ವಾ?”

“ನಿಂದ್ರಿಸೀಯೇನು ಅಂತ ಕೇಳಿದೆ.”

“ಹೆಲ್ಮೆಟ್ ಒಳಗ ಸಿಗಿಸೀನಿ ಬೇ. ಎರಡೂ ಕೈ ಖಾಲಿ ಅದಾವ. ಏನೂ ಆಗಂಗಿಲ್ಲ...”

ಲಾರಿಯ ಹಾರನ್ನೊಂದು ದೂರದಿಂದ ಹತ್ತಿರಕ್ಕೆ ಬಂದು ಅವಳ ಕಿವಿಯನ್ನೇ ಸೀಳುವಂತೆ ಹಾಯ್ದು ಹೋಯಿತು.

“ನಿಂದ್ರು! ಮೊದ್ಲು ನಿಂದ್ರು!” ಎಂದು ಕಿರುಚಿ ಬಂಡೆಮ್ಮ ಫೋನು ಕಟ್ ಮಾಡಿದಳು. ಅದು ಕೈಯಿಂದ ಜಾರಿ ಕಂಬಳಿಯ ಮೇಲೆ, ಸತ್ತವನ ಎದೆಯ ಮೇಲೆ ಬಿತ್ತು.

*

ಭಾಗ್ಯಜ್ಯೋತಿ ಕಣ್ಣು ಮುಚ್ಚಿಕೊಂಡಳು.

ಯರಗೇರಾಕ್ಕೆ ಅಡ್ಮಿಶನ್ನಿಗೆ ಹೋಗುವಾಗ ಅಪ್ಪನ ಪಕ್ಕ ಕೂತಿದ್ದಳು. ಫೋನು ಬಂದಾಗಲೆಲ್ಲ ತಾನೇ ಅದನ್ನು ಅವನ ಕಿವಿಗೆ ಹಿಡಿಯುತ್ತಿದ್ದಳು. “ನೋಡು, ಎರಡೂ ಕೈ ಸ್ಟೇರಿಂಗ್ ಮ್ಯಾಲ ಅದಾವ. ಈಗ ಯಾವ ಪೊಲೀಸ್ ಹಿಡೀತಾನ?” ಎಂದು ಅವನು ನಗುತ್ತಿದ್ದ. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಗಾಡಿಯ ಎಡಗಾಲಿಗಳು ಮಣ್ಣಿಗಿಳಿದು, ಅಷ್ಟು ದೂರ ಎಳೆದುಕೊಂಡು ಹೋಗಿ ನಿಂತವು. ಅವಳ ಕೈಯಲ್ಲಿದ್ದ ಫೋನು ಕಾಲ ಕೆಳಗೆ ಬಿದ್ದಿತ್ತು.

“ಒಡೀತೇನು?” ಎಂದ ಅಪ್ಪ.

“ಇಲ್ಲಪಾ, ಇನ್ನೂ ಮಾತಾಡಾಕತ್ತಾರ,” ಎಂದಳು ಇವಳು.

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವ್ವನಿಗೆ ಹೇಳಲಿಲ್ಲ.

*

ಗಬ್ಬೂರಿನಿಂದ ಊರಿಗೆ ಬೈಕಿನಲ್ಲಿ ಬಹಳ ಹೊತ್ತಿನ ದಾರಿಯಲ್ಲ. ಆ ಹೊತ್ತು ಕಳೆಯಿತು. ದುರುಗೇಶ ಬರಲಿಲ್ಲ.

ಬೇವಿನ ಮರದ ನೆರಳು ಅಂಗಳ ದಾಟಿ ಗೋಡೆ ಹತ್ತಿತು. ಭಜನೆಯವರು ತಾಳ ಕೆಳಗಿಟ್ಟರು. ರಸ್ತೆಯಲ್ಲಿ ಬೈಕಿನ ಸದ್ದು ಬಂದಾಗಲೆಲ್ಲ ಎಲ್ಲರ ತಲೆಗಳೂ ತಿರುಗುತ್ತಿದ್ದವು, ಆ ಬೈಕು ಮುಂದೆ ಹೋಗುತ್ತಿತ್ತು. ಲಾರಿ ಓಡಿಸುವ ಮಗ. ಹೈದರಾಬಾದಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದು, ರಾಯಚೂರಿನಲ್ಲಿ ಲಾರಿ ಬಿಟ್ಟು, ಗೆಳೆಯನ ಬೈಕು ಹತ್ತಿದ್ದವನು. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು.

“ನೀ ಕಟ್ ಮಾಡಬಾರದಿತ್ತು ಬಂಡೆಮ್ಮ,” ಎಂದ ಮೌನಪ್ಪ ಕೊನೆಗೆ. “ಗಾಬರಿಯಾಗಿ ಏನಾರ... ಈಗಾದ್ರೂ ಒಂದು ಸಲ ಹಚ್ಚು. ಎಲ್ಲಿ ಅದಾನ ಅಂತ ತಿಳಿದ್ರ ಸಾಕು.”

ಬಂಡೆಮ್ಮ ಕಂಬಳಿಯ ಮೇಲಿಂದ ಫೋನು ಎತ್ತಿಕೊಂಡಳು. ಮಗಳ ಕಡೆ ಚಾಚಿದಳು. “ಹಚ್ಚಿ ಕೊಡು.” ಭಾಗ್ಯಜ್ಯೋತಿ ಹೆಸರು ಹುಡುಕಿ ತೆಗೆದಳು. ಬೆರಳು ಒತ್ತುವಷ್ಟರಲ್ಲಿ ತಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು.

“ಬ್ಯಾಡ. ನಡಸಾಕತ್ತಿದ್ರ?”

“ನಡಸದಂಗ ಬಿದ್ದಿದ್ರ?” ಎಂದುಬಿಟ್ಟ ಮೌನಪ್ಪ.

ಬಂಡೆಮ್ಮ ಅವನನ್ನು ನೋಡಿದಳು. ಈ ಮನೆಗೆ ಬಂದಮೇಲೆ ಅವನ ಮುಖವನ್ನು ಇಷ್ಟು ನೇರವಾಗಿ ಎಂದೂ ನೋಡಿರಲಿಲ್ಲ. ಬೆಳಗಿನಿಂದ ಇವನು ಒಂದು ಹನಿ ನೀರು ಕುಡಿದಿಲ್ಲವೆಂಬುದು ಈಗ ಕಂಡಿತು.

“ನಾನೂ ಕೇಳ್ತಿದ್ನಿ ಭಾವ,” ಎಂದಳು ಮೆಲ್ಲಗೆ. “ದಿನಾ ಸಂಜಿಮುಂದ. ಎಲ್ಲಿಗೆ ಬಂದಿ, ರೊಟ್ಟಿ ಬಡೀಲೇನು ಅಂತ. ಗಬ್ಬೂರ ಅಂದ್ರ ಹಿಟ್ಟು ನಾದತಿದ್ದೆ, ಕ್ರಾಸ್ ಅಂದ್ರ ಹಂಚು ಇಡತಿದ್ದೆ. ಬಿಸಿ ರೊಟ್ಟಿ ತಿನ್ನಲಿ ಅಂತ. ನಿನ್ನೆ ನೀವು ಫೋನ್ ಮಾಡಿದ್ರಿ, ನಾ ಮಾಡೂದ್ರೊಳಗ. ಅಷ್ಟ.”

ಮೌನಪ್ಪ ನಿಂತಲ್ಲಿಯೇ ಕುಕ್ಕರಗಾಲಲ್ಲಿ ಕೂತ. ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡ. ಬೆಳಗಿನಿಂದ ಮಾತಾಡುತ್ತಲೇ ಇದ್ದವನು ಆಗ ಮೊದಲ ಸಲ ಅತ್ತ.

ಬುರ್ಹಾನುದ್ದೀನ್ ಎದ್ದು ಚಪ್ಪಲಿ ಮೆಟ್ಟಿದ. ತನ್ನ ಫೋನು ತೆಗೆದು ಬಂಡೆಮ್ಮನ ಮುಂದಿಟ್ಟ.

“ನಾ ಹೋಗಿ ನೋಡಿ ಬರ್ತೀನಿ ಅಕ್ಕಾ. ಇದು ಇಲ್ಲೇ ಇರ್ಲಿ.”

ಅವನ ಬೈಕಿನ ಸದ್ದು ಗಬ್ಬೂರಿನ ಕಡೆ ಸಣ್ಣದಾಗುತ್ತ ಹೋಯಿತು. ಈಗ ಫೋನು ಹಚ್ಚಿ ಕೇಳುವುದಕ್ಕೂ ಯಾರೂ ಇರಲಿಲ್ಲ. ಹಿರಿಯರು ಒಬ್ಬೊಬ್ಬರೇ ಬಂದು, ಹೊತ್ತು ಮುಳುಗುತ್ತದೆ, ಎತ್ತೋಣ, ಮಗ ಕುಣಿ ತೋಡಿದ ಹೊಲಕ್ಕೇ ಬರಲಿ ಎಂದರು. ಬಂಡೆಮ್ಮ ಹೊರಸಿನ ಕಾಲು ಹಿಡಿದು ಕೂತಳು. “ಅವ ಹುಟ್ಟಿದಾಗ ಇವ್ರು ಇರಲಿಲ್ಲ. ಇವ್ರು ಹೋಗೂಮುಂದ ಅವ ಇರಬೇಕು,” ಎಂದಳು. ಪಡುವಣದಲ್ಲಿ ತೊಗರಿ ಹೊಲದ ಅಂಚಿಗೆ ಸೂರ್ಯ ಮುಟ್ಟಿದ, ಅರ್ಧವಾದ, ಹೋದ.

ಕೆಂಪು ಇನ್ನೂ ಆರಿರಲಿಲ್ಲ. ರಸ್ತೆಯ ತಿರುವಿನಲ್ಲಿ ಒಂದು ಬೈಕು ಕಾಣಿಸಿತು. ನಡೆಸುತ್ತಿದ್ದವನು ಬುರ್ಹಾನುದ್ದೀನ್. ಹಿಂದೆ ಯಾರೋ ಅವನ ಬೆನ್ನಿಗೆ ತಲೆಯೊರಗಿಸಿ ಕೂತಿದ್ದರು. ಬಂಡೆಮ್ಮ ಎದ್ದಳು. ಮಗಳು ಅವಳ ಕೈ ಹಿಡಿದುಕೊಂಡಳು.

ಬೈಕು ನಿಂತಿತು. ದುರುಗೇಶ ಇಳಿದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಮುಖವೆಲ್ಲ ಧೂಳು, ಧೂಳಿನಲ್ಲಿ ಕಣ್ಣೀರು ಹರಿದ ಗೆರೆಗಳು.

“ಅಲ್ಲೇ ಕಾಲುವಿ ಕಟ್ಟಿ ಮ್ಯಾಲ ಕುಂತಿದ್ದ,” ಎಂದ ಬುರ್ಹಾನುದ್ದೀನ್. “ಗಾಡಿ ಸ್ಟ್ಯಾಂಡ್ ಹಾಕ್ಯಾನ, ಹೆಲ್ಮೆಟ್ ತೊಡಿ ಮ್ಯಾಲ. ಮಾತಾಡಿಸಿದ್ರ ಮಾತಿಲ್ಲ.”

ದುರುಗೇಶ ತಾಯಿಯ ಎದುರಿಗೆ ಬಂದು ನಿಂತ.

“ನೀ ನಿಂದ್ರು ಅಂದೆಲ್ಲ ಬೇ,” ಎಂದ. “ನಿಂತೆ. ಹೈದರಾಬಾದಿನಿಂದ ಎಲ್ಲೂ ನಿಂತಿರಲಿಲ್ಲ. ಅವ್ರಿಗೆ ಇವ್ರಿಗೆ ಫೋನ್ ಮಾಡ್ಕೋತ ಬಂದೆ, ಏನೂ ಅನಸಲಿಲ್ಲ. ನಿಂತ ಮ್ಯಾಲ... ಅಪ್ಪ ಇಲ್ಲ ಅಂತ ಗೊತ್ತಾತು. ಏಳಾಕ ಆಗಲಿಲ್ಲ ಯವ್ವಾ.”

ಬಂಡೆಮ್ಮ ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು ತನ್ನ ಹೆಗಲಿಗೆ ಎಳೆದುಕೊಂಡಳು.

*

ಕಂದೀಲಿನ ಬೆಳಕಿನಲ್ಲಿ ಮಣ್ಣು ಮಾಡಿದರು. ಮಗ ಮೊದಲು ಹಿಡಿ ಮಣ್ಣು ಕೊಟ್ಟ, ಆಮೇಲೆ ಅಣ್ಣ. ಹೊತ್ತು ಮೀರಿತೆಂದು ಯಾರೂ ಎತ್ತಿ ಆಡಲಿಲ್ಲ.

ಮನೆಗೆ ಬಂದು, ಕಾಲು ತೊಳೆದು, ದೀಪ ನೋಡಿ ಜನ ಹೊರಟರು. ಬಂಡೆಮ್ಮನ ಹತ್ತಿರ ಉಳಿದಿದ್ದ ಎರಡು ಫೋನುಗಳೂ ಮೌನಪ್ಪ, ಬುರ್ಹಾನುದ್ದೀನರ ಕೈ ಸೇರಿದವು. ಅಂಗಳದಲ್ಲಿ ಬೈಕುಗಳು ಒಂದರ ಹಿಂದೊಂದು ಚಾಲೂ ಆದವು. ಬಂಡೆಮ್ಮ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ಕೆಂಪು ದೀಪಗಳು ಸಾಲಾಗಿ ದೇವದುರ್ಗದ ರಸ್ತೆ ಹಿಡಿದು ಹೋಗುತ್ತಿದ್ದವು.

ಹತ್ತಿ ಹೊಲದ ಹತ್ತಿರ ಅವುಗಳಲ್ಲಿ ಒಂದು ದೀಪ ಬದಿಗೆ ಸರಿದು ನಿಂತಿತು. ಉಳಿದವು ಅದನ್ನು ದಾಟಿಕೊಂಡು ಹೋದವು. ಕೆಂಪು ದೀಪದ ಮೇಲೆ, ಒಬ್ಬ ಮನುಷ್ಯನ ಕಿವಿಯಷ್ಟು ಎತ್ತರದಲ್ಲಿ, ಸಣ್ಣದೊಂದು ಬಿಳಿ ಬೆಳಕು ಹೊತ್ತಿತು. ಯಾರೆಂದು ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

“ಯವ್ವಾ, ಒಳಗ ಬಾ, ಥಂಡಿ ಅದ,” ಎಂದ ಒಳಗಿನಿಂದ ದುರುಗೇಶ.

“ಬರ್ತೀನಿ ತಡಿ,” ಎಂದಳು.

ಬಿಳಿ ಬೆಳಕು ಆರಿತು. ಸ್ವಲ್ಪ ಹೊತ್ತು ಕೆಂಪು ದೀಪ ಒಂದೇ ಕತ್ತಲಲ್ಲಿ ನಿಂತಿತ್ತು. ಆಮೇಲೆ ಅದು ಮೆಲ್ಲಗೆ ರಸ್ತೆಗೆ ಏರಿ, ಮುಂದೆ ಹೋಯಿತು.