ಮೊದಲು ಮನೆಯ ಕಾಲು

"ಯಾವ ಬೋಳಿಮಗನ ಕಾಲು ತೂರಿತ್ತೋ ಇದರಲ್ಲಿ? ಥೂ!"

ಗುತ್ತಿಗೆ ಕೊಡುವ ಸಾಹೇಬರು ಕರ್ಚೀಫು ಸುತ್ತಿದ ಎರಡೇ ಬೆರಳಲ್ಲಿ ನಮ್ಮ ಬೂಟನ್ನು ಎತ್ತಿ ಹಿಡಿದಿದ್ದರು, ಸತ್ತ ಇಲಿಯ ಬಾಲ ಹಿಡಿದ ಹಾಗೆ.

"ನನ್ನ ಮಗಂದು ಸ್ವಾಮಿ," ಅಂದೆ. "ಚರಂಡಿಗಿಳಿಯೋ ಕೆಲಸ ಅವಂದು. ಈ ಬೂಟೂ ಅಂಥೋರಿಗೇ ತಾನೆ? ಒಂದಿನ ಹಾಕ್ಕೊಂಡು ಇಳಿದು ನೋಡ್ದ. ಒಂದು ಹನಿ ಒಳಗೆ ಬರ್ಲಿಲ್ಲ."

"ಚರಂಡಿಗೆ ಇಳಿಸಿದ್ದನ್ನ ತಂದು ನನ್ನ ಮೇಜಿನ ಮೇಲೆ ಇಟ್ಟಿದೀಯಾ?"

"ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದೀವಿ ಸ್ವಾಮಿ."

"ಎಣ್ಣೆ ನಿನ್ನ ಬಾಯಿಗೆ ಹಚ್ಕೊ. ಮಾದರಿ ಅಂದ್ರೆ ಹೊಸದಾಗಿರ್ಬೇಕು. ಬಳಸಿದ ಮಾಲು ನಡೆಯಲ್ಲ. ತೊಲಗು!"

ಬೂಟು ನನ್ನ ಎದೆಗೆ ಬಡಿದು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಪಕ್ಕದಲ್ಲಿ ಸೊಸೆ ಹಲ್ಲು ಕಚ್ಚಿ ನಿಂತಿದ್ದಳು. ಕಾರ್ಖಾನೆ ಅವಳ ಹೆಸರಲ್ಲಿದೆ. ಕಾರ್ಖಾನೆ ಅಂದರೆ ಮನೆಯ ಮುಂದಿನ ಕೋಣೆ, ಒಂದು ಹೊಲಿಗೆ ಯಂತ್ರ, ನಾವಿಬ್ಬರು, ಬೀದಿಯ ನಾಲ್ಕು ಹೆಂಗಸರು. ಊರ ಚರಂಡಿಯವರಿಗೆಲ್ಲ ಬೂಟು ಹೊಲಿಯುವ ಸರ್ಕಾರಿ ಗುತ್ತಿಗೆ ಸಿಕ್ಕಿದ್ದರೆ ಆ ಕೋಣೆ ಉಳಿಯುತ್ತಿತ್ತು. ಮಗನ ಕಾಲೂ ಉಳಿಯುತ್ತಿತ್ತು. ಕೊಳೆನೀರಲ್ಲಿ ನೆಂದು ನೆಂದು ಅವನ ಎಡಗಾಲಿನ ಒಂದು ಬೆರಳು ಆಗಲೇ ಹೋಗಿದೆ.

ಹೊಸ ನಮೂನೆಯ ಜೋಡು ಮಾಡಿದರೆ ಮೊದಲು ಮನೆಯವರ ಕಾಲೇ ಅದರೊಳಗೆ ಹೋಗಬೇಕು. ಕಚ್ಚಿದರೆ ನಮ್ಮನ್ನೇ ಕಚ್ಚಲಿ ಅನ್ನುತ್ತಿದ್ದ ನಮ್ಮಪ್ಪ. ಮಾದರಿಗೆ ಬಲಗಾಲಿನದೊಂದೇ ಸಾಕು ಅಂದಿದ್ದರು ಕಚೇರಿಯವರು, ಅದೊಂದನ್ನೇ ಹೊಲಿದಿದ್ದೆವು. ಎಡಗಾಲಿನದಕ್ಕೆ ತೊಗಲು ಗುತ್ತಿಗೆ ಸಿಕ್ಕ ಮೇಲೆ ಅಂದುಕೊಂಡಿದ್ದೆವು.

ಸಣ್ಣ ಕಸುಬಿನವರು ಗುತ್ತಿಗೆ ಹಿಡಿಯುವುದನ್ನು ಕಲಿಯಲಿ ಅಂತ ಸರ್ಕಾರವೇ ನಮಗೊಬ್ಬ ಗುರುವನ್ನು ಗೊತ್ತುಮಾಡಿತ್ತು. ಬೂಟಿನ ದೊಡ್ಡ ಕಾರ್ಖಾನೆಯ ಯಜಮಾನ. ಗೋದಾಮಿನ ನೆಲದ ಮೇಲೆ ಕೂರಿಸಿ ಪಾಠ ಹೇಳಿದ್ದ: ಸಾಹೇಬರೆದುರು ಹೇಗೆ ನಿಲ್ಲಬೇಕು, ಯಾವಾಗ ಬಾಯಿ ಮುಚ್ಚಬೇಕು. ಹಿಂದಿನ ದಿನ ಅವನಿಗೆ ಬೂಟು ತೋರಿಸಿ, ಮಗ ಹಾಕಿಕೊಂಡು ಇಳಿದದ್ದನ್ನೂ ಹೇಳಿದ್ದೆವು. ಮೂಸಿ ನೋಡಿ, "ಭೇಷ್ ತಾತ, ಹೀಗೇ ತಗೊಂಡ್ಹೋಗು," ಅಂದಿದ್ದ.

ಈಗ ನಾವು ಹೊರಬಂದಾಗ ಅವನೇ ಕಚೇರಿಯ ಮುಂದೆ ಕಾರಿಗೆ ಒರಗಿ ನಿಂತಿದ್ದ.

"ಬಳಸಿದ್ದು ನಡೆಯಲ್ಲ ಅಂತ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಸೊಸೆ ಕೇಳಿದಳು.

"ಬಿದ್ದೇ ಕಲೀಬೇಕು ತಂಗಿ." ನಕ್ಕ. "ಈ ಗುತ್ತಿಗೆ ನಿಮ್ಮಂಥ ಸಣ್ಣ ಕಸುಬಿನೋರಿಗೇ ಮೀಸಲು. ಹೆಸರು ನಿಂದು, ಬೂಟು ನಂದು. ನಾಳೆ ನನ್ನ ಹೊಸ ಬೂಟು ತಂದಿಡು, ಸಾಹೇಬ್ರಿಗೆ ನಾನು ಹೇಳ್ತೀನಿ. ನೀವು ಕಾಲು ಚಾಚ್ಕೊಂಡು ಮನೇಲಿರಿ."

"ನಿಮ್ಮ ಬೂಟು ನೀವು ಹಾಕಿ ನೋಡಿದೀರಾ ಧಣಿ?" ಅಂದೆ.

"ನಾನ್ಯಾಕೆ ಹಾಕ್ಲೋ ಮುದುಕ? ನಾನೇನು ಚರಂಡಿಗೆ ಇಳೀತೀನಾ?"

ಸೊಸೆ ಉಗುಳಿದಳು. ಅವನ ಮಿರುಗುವ ಬೂಟಿನ ಮೂತಿಗೇ ಬಿತ್ತು.

"ಗುರುದಕ್ಷಿಣೆ," ಅಂದಳು.

ಮಾರನೆಯ ದಿನ ಪಕ್ಕದ ಬೀದಿಯ ಚೀಲ ಹೊಲಿಯುವವನು ಯಜಮಾನನ ಬೂಟಿಗೆ ತನ್ನ ಹೆಸರು ಕೊಟ್ಟು ಗುತ್ತಿಗೆ ಹಿಡಿದ. ಅವನನ್ನು ಬಯ್ಯಲಾರೆ, ಅವನಿಗೂ ಹೊಟ್ಟೆ ಇದೆ. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಯಂತ್ರವನ್ನೂ ಮಾರಿದೆವು.

ಮಳೆ ಹಿಡಿದಾಗ ಮಗ ಸರ್ಕಾರದ ಹೊಸ ಬೂಟಲ್ಲಿ ಮನೆಗೆ ಬಂದ. ಅಟ್ಟೆ ಕಿತ್ತು ನಾಯಿಯ ನಾಲಗೆಯ ಹಾಗೆ ಜೋತಾಡುತ್ತಿತ್ತು. ಹಿಂದೆ ಅವನ ಜೊತೆಯವರು. ಎಲ್ಲರ ಕಾಲಲ್ಲೂ ಅದೇ ನಾಲಗೆ.

"ಹೊಲಿದು ಕೊಡಪ್ಪ."

ದಬ್ಬಳ ಚುಚ್ಚಿದೆ. ರಬ್ಬರು ಒದ್ದೆ ಕಾಗದದಂತೆ ಹರಿದು ಬಂತು.

"ಇದು ದಾರ ಹಿಡಿಯಲ್ಲ ಮಗ."

"ಹಂಗಾದ್ರೆ ನಡೀರಿ, ಕೊಟ್ಟೋರಿಗೇ ಕೊಡಣ," ಅಂದಳು ಸೊಸೆ. ಎಲ್ಲರೂ ಬೂಟು ಕಳಚಿ, ಕೊಳೆನೀರು ಸೋರುತ್ತಿದ್ದ ಹಾಗೇ ಎತ್ತಿಕೊಂಡು, ಬರಿಗಾಲಲ್ಲಿ ಹೊರಟರು. ನಾನು ಗೂಡಿನಲ್ಲಿದ್ದ ಬಲಗಾಲಿನ ಬೂಟನ್ನು ಕಂಕುಳಲ್ಲಿಟ್ಟುಕೊಂಡೆ. ಯಾಕೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಸಾಹೇಬರ ಮೇಜು ತುಂಬಿತು. ಕಪ್ಪು ನೀರು ಮೇಜಿನಂಚಿನಿಂದ ಅವರ ತೊಡೆಗೆ ತೊಟ್ಟಿಕ್ಕಿತು. ಕುರ್ಚಿ ಹಿಂದಕ್ಕೆ ಒದ್ದು ಎದ್ದರು.

"ಬದಲಾಯಿಸಿ ಕೊಡಿ," ಅಂದ ಮಗ.

ಮೂಗಿಗೆ ಕರ್ಚೀಫು ಒತ್ತಿ ಅಂದರು, "ಬಳಸಿದ ಮಾಲು ವಾಪಸ್ ತಗೊಳ್ಳಲ್ಲ. ಎತ್ಕೊಂಡು ಹೋಗ್ತೀರೋ, ಪೊಲೀಸ್ರನ್ನ ಕರೀಲೋ?"

ಒಬ್ಬರೂ ಎತ್ತಿಕೊಳ್ಳಲಿಲ್ಲ.

ಹೊರಗೆ ಚರಂಡಿ ಕೆಲಸದ ಮೇಸ್ತ್ರಿ ಇವರನ್ನು ಹುಡುಕಿಕೊಂಡು ಬಂದಿದ್ದ. "ಇಲ್ಲೇ ಸತ್ತಿದೀರೇನ್ರೋ? ಕಚೇರಿ ಚರಂಡಿನೇ ಕಟ್ಟಿದೆ. ಇಳೀರಿ! ಇಲ್ದಿದ್ರೆ ನಾಳೆಯಿಂದ ಬರಬೇಡಿ."

ಮಗ ಪ್ಯಾಂಟು ಮಡಚಿದ. ನಾನು ಅವನ ಮುಂದೆ ಕೂತು ಬಲಗಾಲಿಗೆ ನಮ್ಮ ಬೂಟು ತೊಡಿಸಿ, ದಾರ ಬಿಗಿದೆ. ನಾಲ್ಕು ಬೆರಳಿನ ಬರಿಯ ಎಡಗಾಲನ್ನೇ ಅವನು ಮೊದಲು ಗುಂಡಿಗೆ ಇಳಿಸಿದ.