ನಾಲ್ಕು ಬರ್ನರಿನ ಗ್ರಿಲ್ಲು

ಮಾಂಸ ಸುಡುವ ಗ್ಯಾಸ್ ಗ್ರಿಲ್ಲಿನ ಸ್ಟೀಲಿನ ಮುಚ್ಚಳದಲ್ಲಿ ನನ್ನ ಮುಖ ಸೋರೆಕಾಯಿಯಂತೆ ಉದ್ದವಾಗಿ ಕಾಣುತ್ತಿದೆ, ಪಕ್ಕದಲ್ಲಿ ಇವರದು, ಅದರಾಚೆ ಇವರ ಮ್ಯಾನೇಜರದು — ಅಂಗಡಿಯವನು ಮುಚ್ಚಳ ಎತ್ತಿದ, ಮೂರೂ ಮುಖ ಮಾಯ, ನೋಡಿ ಸರ್, ಎರಡು ಬರ್ನರಿಂದು ಗಂಡ ಹೆಂಡತಿಗೆ ಸಾಕು, ನಾಲ್ಕಿದ್ರೆ ನೆಂಟರು ಬಂದ್ರೂ ಚಿಂತೆ ಇಲ್ಲ, ಸರ್ ಅಂತೆ ಸರ್, ಬಂದಾಗಿನಿಂದ ಒಂದು ಸಲವಾದರೂ ನನ್ನ ಕಡೆ ತಿರುಗಿದ್ದಾನೆಯೇ, ನಾಳೆ ಇದರ ಜಿಡ್ಡು ತಿಕ್ಕುವವಳು ಯಾರು, ಹಿತ್ತಲ ಅಂಗಳದಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿ ಇದನ್ನು ಅದರೊಳಗೆ ಕೂರಿಸಿದರೆ ನಾನು ಬಟ್ಟೆ ಒಣಹಾಕುವ ತಂತಿ ಎಲ್ಲಿಗೆ ಹೋಗಬೇಕು, ಯಾರೂ ಕೇಳಲಿಲ್ಲ. ನಮ್ಮನೇಲೂ ಇಂಥದ್ದೇ ಇರೋದು, ಕಣ್ಮುಚ್ಕೊಂಡು ತಗೊಳ್ರೀ, ಮ್ಯಾನೇಜರು ಇವರ ಬೆನ್ನು ತಟ್ಟುತ್ತಾರೆ, ಆಮೇಲೆ ನನಗೆ, ನಮ್ಮ ಹಸಿರು ಸಾಬೂನು ಮಾರ್ಕೆಟ್ಟಲ್ಲಿ ಗೆದ್ದಿದ್ದೇ ಇವರ ಮೂಗಿನಿಂದ ಕಣಮ್ಮಾ, ಕಂಪನಿ ಸುಮ್ಸುಮ್ನೆ ಇನಾಮು ಕೊಡುತ್ತಾ — ಇವರು ತಲೆ ತಗ್ಗಿಸಿ ನಗುತ್ತಾರೆ, ನಾಚಿಕೆಯಂತೆ, ಆಹಾ, ಏನು ವಿನಯ.

ಇವರ ಮೂಗು! ಇವರಿಗೆ ಜ್ವರ ಬಂದು ಬಿಟ್ಟು ಹನ್ನೊಂದು ತಿಂಗಳಾಯಿತು, ಬಿಟ್ಟ ವಾರವೇ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿತ್ತು, ಇವರು ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದರು, ರೀ, ವಾಸನೆ ಬರ್ಲಿಲ್ವಾ, ಏನ್ ವಾಸನೆ, ಎಂದು ತಲೆಯೆತ್ತಿದ ಆ ಮುಖ, ಡಾಕ್ಟರು ವಾಪಸ್ ಬಂದ್ರೂ ಬರಬಹುದು ಬರದೇನೂ ಇರಬಹುದು ಅಂದರು, ಬರಲಿಲ್ಲ. ಇಪ್ಪತ್ತಾರು ವರ್ಷದಿಂದ ಸಾಬೂನು ಕಾರ್ಖಾನೆಯಲ್ಲಿ ಪರಿಮಳ ನೋಡಿ ಹೇಳುವುದೇ ಇವರ ಕೆಲಸ, ವಾಸನೆಯೇ ತಿಳಿಯದವರನ್ನು ಯಾರು ಇಟ್ಟುಕೊಳ್ಳುತ್ತಾರೆ, ಯಾರಿಗೂ ಹೇಳ್ಬೇಡ ಕಣೇ, ಸ್ವಲ್ಪ ದಿನ ಅಷ್ಟೇ, ಸ್ವಲ್ಪ ದಿನವಂತೆ, ಅವತ್ತಿನಿಂದ ದಿನಾ ಸಂಜೆ ಇವರ ಜೇಬಿನ ಡಬ್ಬಿಯಿಂದ ಪರಿಮಳ ಅದ್ದಿದ ಕಾಗದದ ಪಟ್ಟಿಗಳು ಹೊರಬರುತ್ತವೆ, ಅಡುಗೆಮನೆಯ ಮೇಜಿಗೆ ಕೂತು ನಾನು ಒಂದೊಂದನ್ನೇ ಮೂಸಬೇಕು, ಈರುಳ್ಳಿ ಹೆಚ್ಚಿದ ದಿನ ಕೈ ಮೂರು ಸಲ ತೊಳೆದು, ಇದು ಒದ್ದೆ ಬಟ್ಟೆ ಮುಗ್ಗಿದ ಹಾಗಿದೆ, ಇದರಲ್ಲಿ ನಿಂಬೆ ಜಾಸ್ತಿ, ಹಲ್ಲು ಚುಳ್ ಅನ್ನುತ್ತೆ — ನಾನು ಹೇಳುವುದು, ಇವರು ಅದನ್ನೇ ದೊಡ್ಡ ದೊಡ್ಡ ಮಾತಿನಲ್ಲಿ ಬರೆದುಕೊಂಡು ಹೋಗಿ ಒಪ್ಪಿಸುವುದು. ಹಸಿರು ಸಾಬೂನಿನ ನಿಂಬೆ ಇಳಿಸಿದ್ದು ನಾನು, ಪುದೀನ ಏರಿಸಿದ್ದು ನಾನು, ಇನಾಮು ಬಂದ ದಿನ ಥ್ಯಾಂಕ್ಸ್ ಎಂದಾದರೂ ಅಂದರೇ, ನಿಂಗೆ ಮೂಗಿನ ತುದೀಲೇ ಕೋಪ ಅಂದರು, ಕೋಪವೊಂದಾದರೂ ನನ್ನದಿರಲಿ ಸ್ವಾಮಿ, ಉಳಿದ ಮೂಗನ್ನು ಕಂಪನಿಗೆ ಬಾಡಿಗೆ ಕೊಟ್ಟಾಯಿತಲ್ಲ. ಆದರೂ ಈ ಗ್ರಿಲ್ಲು ಯಾಕೆ ಬೇಕೆಂದು ನನಗೆ ಗೊತ್ತು, ಮ್ಯಾನೇಜರ ಮನೆಯಲ್ಲಿ ಮಾಂಸ ಸುಟ್ಟ ಹೊಗೆ ಗಂಟಲಿಗೆ ಹೊಡೆದಾಗ ಇವರ ಕಣ್ಣು ತುಂಬಿತ್ತು, ಏನೋ ತಿಂದ ಹಾಗಾಯ್ತು ಕಣೇ, ಎಷ್ಟು ದಿನ ಆಯ್ತು, ಅಂದಿದ್ದರು ಬರುವ ದಾರಿಯಲ್ಲಿ, ನನ್ನ ಕರುಳು ಚುರುಕ್ಕೆಂದಿತ್ತು, ಹಾಗಂತ ಸಿಟ್ಟು ಇಳಿದೀತೇ.

ಹಚ್ಚಿ ತೋರಿಸಲೆಂದೇ ಇಟ್ಟ ಗ್ರಿಲ್ಲು ಅಂಗಡಿಯ ಹಿಂದಿನ ಅಂಗಳದಲ್ಲಿದೆಯಂತೆ, ಎಲ್ಲರೂ ಅಲ್ಲಿಗೆ, ಕಟ್ಟೆಯ ಗೂಡಿನೊಳಗೆ ಸಿಲಿಂಡರು, ಗ್ಯಾಸು ಕೆಳಗೇ ತಂಗುತ್ತೆ ಸರ್, ಎರಡು ಕಡೆ ಗಾಳಿಕಿಂಡಿ ಬಿಡಿಸ್ಲೇಬೇಕು, ಆದ್ರೂ ಭಯ ಬೇಡ, ಲೀಕ್ ಆದ್ರೆ ವಾಸನೆ ಬಂದೇ ಬರುತ್ತೆ, ಅಂಗಡಿಯವನು ಹೇಳಿ ಮುಗಿಸುವ ಮೊದಲೇ ಮ್ಯಾನೇಜರು, ಇವರಿಗಂತೂ ಪಕ್ಕದ ಬೀದೀದೂ ಬರುತ್ತೆ ಬಿಡಪ್ಪ, ನಕ್ಕರು, ಇವರೂ ನಕ್ಕರು, ನಾನು ತೋಳು ಚಿವುಟಿದೆ, ಕೈ ಕೊಡವಿಕೊಂಡರು. ಅಂಗಡಿಯವನಿಗೆ ಫೋನು, ಮ್ಯಾನೇಜರು ಆ ತುದಿಯಲ್ಲಿ ಕಟ್ಟೆಯ ಕಲ್ಲುಗಳ ಬಣ್ಣ ನೋಡುತ್ತಿದ್ದಾರೆ, ಇವರೊಬ್ಬರೇ ಗ್ರಿಲ್ಲಿನ ಮುಂದೆ — ಏನಿದು, ಕೊಳೆತ ಕೋಸಿನ ವಾಸನೆ, ಗಾಳಿ ತಿರುಗಿತು, ಘಾಟು, ಯಾರೋ ಗುಂಡಿ ತಿರುಗಿಸಿ ಹಾಗೇ ಬಿಟ್ಟು ಹೋಗಿದ್ದಾರೆ, ಮುಚ್ಚಳದೊಳಗೆಲ್ಲ ಗ್ಯಾಸು, ಇವರು ಮುಚ್ಚಳ ಎತ್ತಿ ಬರ್ನರಿನ ಮೇಲೆ ಬಾಗಿದ್ದಾರೆ, ಮುಖದಲ್ಲಿ ಮುಗುಳ್ನಗೆ, ಕಿಡಿ ಹೊತ್ತಿಸುವ ಗುಂಡಿಯ ಮೇಲೆ ಹೆಬ್ಬೆರಳು — ರೀ! ಕೈ ತೆಗೀರೀ! ನಾನು ಓಡಿದ್ದು ಯಾವಾಗ, ಇವರ ಮಣಿಕಟ್ಟು ಎಳೆದದ್ದು ಯಾವಾಗ, ಅಂಗಡಿಯವನು ಫೋನು ಎಸೆದು ಬಂದು ಸಿಲಿಂಡರು ಮುಚ್ಚಿದ.

ಮ್ಯಾನೇಜರು ಮೂಗು ಮುಚ್ಚಿಕೊಂಡೇ ಬಂದರು, ಥೂ, ಅಷ್ಟು ದೂರಕ್ಕೆ ಹೊಡೀತಿದೆಯಲ್ರೀ, ನಿಮಗೆ ಬರ್ಲಿಲ್ವಾ? ಶೀತ ಸರ್, ಎರಡು ದಿನದಿಂದ ಮೂಗು ಕಟ್ಟಿದೆ, ಇವರು ಹೇಳಿ ನನ್ನ ಕಡೆ ನೋಡುತ್ತಾರೆ, ಅಲ್ವೇನೇ — ಹೂಂ ಅಂದುಬಿಡು, ಒಂದು ಹೂಂ, ನಿವೃತ್ತಿಗೆ ಇನ್ನು ನಾಲ್ಕೇ ವರ್ಷ, ಸಂಜೆ ಪಟ್ಟಿಗಳು ಬರುತ್ತವೆ, ಮೂಸುತ್ತೇನೆ, ಕಟ್ಟೆ ಏಳುತ್ತದೆ, ಗ್ರಿಲ್ಲು ಕೂರುತ್ತದೆ, ನಾನು ತಂಗಿಯ ಮನೆಗೆ ಹೋದ ಒಂದು ದಿನ, ಒಂದೇ ದಿನ, ಇವರು ಮುಚ್ಚಳ ಎತ್ತಿ ಬಾಗುತ್ತಾರೆ, ಅದೇ ಮುಗುಳ್ನಗೆ, ಅದೇ ಹೆಬ್ಬೆರಳು, ಪಕ್ಕದಲ್ಲಿ ನಾನಿಲ್ಲ — ಇಷ್ಟಾದ ಮೇಲೂ ಸುಳ್ಳೇ, ಅದಕ್ಕೂ ನಾನೇ ಸಾಕ್ಷಿಯೇ, ಶೀತ ಅಲ್ಲ ಸರ್, ಎಂದದ್ದು ನಾನೇ, ಇವರಿಗೆ ಹನ್ನೊಂದು ತಿಂಗಳಿಂದ ವಾಸನೇನೇ ಬರಲ್ಲ, ನಿಮ್ಮ ಹಸಿರು ಸಾಬೂನು ಮೂಸಿದ್ದು ನಾನು. ಮ್ಯಾನೇಜರು ಏನೋ ಕೇಳುತ್ತಿದ್ದಾರೆ, ಏನ್ ಮಾಡ್ಬಿಟ್ಟೆ, ಏನ್ ಮಾಡ್ಬಿಟ್ಟೆ, ಇವರದು ಒಂದೇ ಮಾತು, ಇನ್ನು ನನ್ನೊಡನೆ ಮಾತು ಬಿಡುತ್ತಾರೋ, ಮನೆಯಲ್ಲಿ ಹೇಗಿರುತ್ತಾರೋ, ಯೋಚಿಸಬೇಕು, ಯೋಚನೆ ಮುಂದಕ್ಕೆ ಹೋಗುತ್ತಿಲ್ಲ, ಬಾಗಿದ ಬೆನ್ನು, ಮುಗುಳ್ನಗೆ, ಗುಂಡಿಯ ಮೇಲೆ ಹೆಬ್ಬೆರಳು, ಹೆಬ್ಬೆರಳು